ಧಾರವಾಡದ ಹಳೇ ಮುನ್ಸಿಪಾಲ್ಟಿ ನೋಡೋ ನಡಿಗೆ: 300 ರೂಪಾಯಿಗೆ ಮೋಸ ಇಲ್ಲ, ಆದ್ರೆ ಆ ಮೈಕ್ ಬೇಡಾಗಿತ್ತು

ಮೊದಲೇ ಹೇಳ್ಬಿಡ್ತೀನಿ, ನಾನು ಧಾರವಾಡದವನಲ್ಲ, ಧಾರವಾಡದ ಅಳಿಯ. ಹುಟ್ಟಿ ಬೆಳೆದಿದ್ದು ತುಮಕೂರು, ಕೆಲಸ ಬೆಂಗಳೂರು, ಮಾವನ ಮನೆ ಮಾಳಮಡ್ಡಿ. ವರ್ಷಕ್ಕೆ ಎರಡು ಮೂರು ಸಲ ಹೋಗ್ತೀವಿ, ಹೋದಾಗಲೆಲ್ಲ ಅದೇ ಪ್ರೋಗ್ರಾಮು, ತಿನ್ನೋದು ಮಲಗೋದು ಎದ್ದು ಪೇಡಾ ತರೋದು. ಈ ಸಲ ಮಳೆಗಾಲದಲ್ಲಿ ಹೋದಾಗ ಹೆಂಡತಿ ವಾಟ್ಸಾಪ್‌ನಲ್ಲಿ ಬಂದಿದ್ದ ಪೋಸ್ಟರ್ ಒಂದು ತೋರಿಸಿದ್ಲು. ಭಾನುವಾರ ಬೆಳಿಗ್ಗೆ ಆರೂವರೆಗೆ, ಮುನ್ಸಿಪಾಲ್ಟಿ ಕಾಲದ ಧಾರವಾಡ ತೋರಿಸ್ತೀವಿ, ತಲೆಗೆ 300, ಚಹಾ ನಮ್ಮದೇ, ಮೂರು ಗಂಟೆ. ಅವಳು ಕಳಿಸಿದ್ದು ನನ್ನನ್ನ ಮನೆಯಿಂದ ಹೊರಗೆ ಹಾಕೋಕೆ ಅಂತ ಆಮೇಲೆ ಗೊತ್ತಾಯ್ತು, ಯಾಕಂದ್ರೆ ತಾನು ಬರ್ಲಿಲ್ಲ, ಮಲಗಿದ್ಲು. ಬಂದಿದ್ದು ನಮ್ಮ ಮಾವ, 78 ವರ್ಷ, ಬಗಲಲ್ಲಿ ಛತ್ರಿ, ಇನ್ನೊಂದು ಕೈಲಿ ಪ್ಲಾಸ್ಟಿಕ್ ಕವರ್. ಕವರಲ್ಲಿ ಏನಿತ್ತು ಅನ್ನೋದನ್ನ ಆಮೇಲೆ ಹೇಳ್ತೀನಿ. ನಡಿಗೆ ನಡೆಸೋರ ಹೆಸರು ಹಾಕ್ತಿಲ್ಲ, ಕೆಳಗೆ ಒಂದೆರಡು ಬೈಗುಳ ಇದೆ, ಒಳ್ಳೆ ಮನುಷ್ಯರು, ಬೇಜಾರು ಮಾಡ್ಕೋಬಾರದು.

ಬೈಗುಳ ಮೊದಲೇ ಮುಗಿಸೋಣ. 12 ಜನ ಅಷ್ಟೇ ಅಂತ ಪೋಸ್ಟರಲ್ಲಿತ್ತು, ಅಲ್ಲಿ ನಿಂತಿದ್ದು 22 ಜನ, ಎಣಿಸಿದ್ದೀನಿ. ಆರೂವರೆ ಅಂದಿದ್ದು ಏಳಕ್ಕೆ ಐದು ನಿಮಿಷ ಇದ್ದಾಗ ಶುರುವಾಯ್ತು, ಅಷ್ಟೊತ್ತೂ ಧಾರವಾಡದ ಆ ಜಿಟಿಜಿಟಿ ಮಳೆ, ಛತ್ರಿ ಬಿಚ್ಚಿದ್ರೆ ನಿಲ್ಲುತ್ತೆ ಮುಚ್ಚಿದ್ರೆ ಶುರುವಾಗುತ್ತೆ. ಗೈಡ್ ಸಾಹೇಬ್ರು ಕುತ್ತಿಗೆಗೆ ಒಂದು ಬ್ಲೂಟೂತ್ ಸ್ಪೀಕರ್ ನೇತುಹಾಕ್ಕೊಂಡು ಬಂದ್ರು, ಅದು ಎರಡು ಮಾತಿಗೊಂದು ಸಲ ಕೀಂ ಅನ್ನೋದು, ಭಾನುವಾರ ಬೆಳಿಗ್ಗೆ ಮಲಗಿರೋ ಓಣಿಗಳಲ್ಲಿ ಆ ಸೌಂಡು ಕೇಳಿ ಒಬ್ಬ ಅಜ್ಜಿ ಬಾಗಿಲು ತೆಗೆದು ಎಲೆಕ್ಷನ್ ಬಂತೇನ್ರಿ ಅಂತ ಕೇಳಿದ್ರು. ಇನ್ನೊಂದು, ಮೂರು ಗಂಟೆ ನಡಿಗೇಲಿ ಬಾತ್‌ರೂಮಿಗೆ ಅಂತ ಒಂದು ಕಡೆನೂ ನಿಲ್ಲಿಸ್ಲಿಲ್ಲ. ಮುನ್ಸಿಪಾಲ್ಟಿ ಇತಿಹಾಸದ ನಡಿಗೇಲಿ ಇದು ಸ್ವಲ್ಪ ಜಾಸ್ತಿ ಆಯ್ತು ಅಂತ ನನಗನಿಸ್ತು, ಗುಂಪಲ್ಲಿದ್ದ ಹಿರಿಯರಿಗೆಲ್ಲ ನನಗಿಂತ ಚೆನ್ನಾಗಿ ಅನಿಸಿರುತ್ತೆ.

ಇಷ್ಟು ಬಿಟ್ರೆ ನಡಿಗೆ ಚೆನ್ನಾಗಿತ್ತು. ನಿಜವಾಗ್ಲೂ.

ಶುರು ಮಾಡಿದ ಜಾಗವೇ ನನಗೆ ಹಿಡಿಸ್ತು. ಕೋಟೆ ಅಲ್ಲ, ಕಾಲೇಜಲ್ಲ, ಕವಿ ಮನೆ ಅಲ್ಲ, ಟೋಲ್ ನಾಕಾ. ಹುಬ್ಬಳ್ಳಿ ಕಡೆಯಿಂದ ಬರೋರು ದಿನಾ ದಾಟೋ ಸ್ಟಾಪು ಅದು, ಎರಡೂ ಊರಿನ ನಡುವೆ ಓಡೋ ಚಿಗರಿ ಬಸ್ಸಲ್ಲಿ ಅನೌನ್ಸ್ ಆಗುತ್ತೆ, ನಾನೂ ಹತ್ತಿಪ್ಪತ್ತು ಸಲ ಕೇಳಿರ್ತೀನಿ, ಒಂದು ಸಲನೂ ಯಾವ ಟೋಲು ಎಲ್ಲಿಯ ನಾಕಾ ಅಂತ ತಲೆಗೇ ಬಂದಿರ್ಲಿಲ್ಲ. ಊರು ಇಲ್ಲಿಗೆ ಮುಗೀತಿತ್ತು, ಹೊರಗಿಂದ ಬರೋರನ್ನ ಇಲ್ಲಿ ನಿಲ್ಲಿಸಿ ಸುಂಕ ತಗೋತಿದ್ರು ಅಂತ ಗೈಡ್ ಹೇಳಿದ್ರು. ಮುಂಬೈ ಪ್ರಾಂತ್ಯದ ಮುನ್ಸಿಪಾಲ್ಟಿಗಳು ಬದುಕಿದ್ದೇ ಜಕಾತಿ ಮೇಲೆ, ಅಂದ್ರೆ ಊರೊಳಗೆ ಮಾರೋಕೆ ಬಳಸೋಕೆ ಬರೋ ಮಾಲಿನ ಮೇಲೆ ಸುಂಕ, ಧಾನ್ಯ ಎಣ್ಣೆ ತುಪ್ಪ ಬಟ್ಟೆ ಕಟ್ಟಿಗೆ ಎಲ್ಲಕ್ಕೂ. ಇದು ಕರ್ನಾಟಕದಲ್ಲಿ ನಿಂತಿದ್ದು 1979ರಲ್ಲಿ, ಅಂದ್ರೆ ತೀರಾ ಹಳೇ ಕಥೆನೂ ಅಲ್ಲ. ಮಾವ ಅಲ್ಲೇ ನನ್ನ ಕಿವೀಲಿ, "ನಮ್ಮ ಅವ್ವನ ತವರಮನಿಯಿಂದ ತುಪ್ಪದ ಡಬ್ಬಿ ಬರ್ತಿತ್ರಿ ಅಳಿಯಂದ್ರ, ನಾಕಾದಾಗ ತೂಗಿಸಿ ಪಾವತಿ ತಗೊಂಡು ಬರಬೇಕಿತ್ತು, ಸಣ್ಣಾವಿದ್ದಾಗ ಆ ಪಾವತಿ ಹಿಡ್ಕೊಳ್ಳೂ ಕೆಲಸ ನಂದು" ಅಂದ್ರು. ಪಾವತಿ ಅಂದ್ರೆ ಇಲ್ಲಿ ರಸೀದಿ. ತುಪ್ಪಕ್ಕೆ ಪಾಸ್‌ಪೋರ್ಟ್ ಇದ್ದಂಗೆ. ಬಸ್ ಸ್ಟಾಪಿನ ಹೆಸರೊಳಗೆ ಒಂದು ಊರಿನ ಗಡಿ ಕೂತಿದೆ ಅಂತ ತಿಳ್ಕೊಂಡಿದ್ದಕ್ಕೇ ನನ್ನ ಪ್ರಕಾರ 100 ರೂಪಾಯಿ ವಸೂಲು.

ಅಲ್ಲೇ ಮೊದಲನೇ ಜಗಳನೂ ಆಯ್ತು. ಗೈಡ್ ಮೈಕಲ್ಲಿ, ಧಾರವಾಡ ಮುನ್ಸಿಪಾಲಿಟಿ ಸ್ಥಾಪನೆ ಆಗಿದ್ದು 1883ರಲ್ಲಿ ಅಂದ್ಬಿಟ್ರು. ಮಾವ ಛತ್ರಿ ಎತ್ತಿದ್ರು, ಕ್ಲಾಸಲ್ಲಿ ಕೈ ಎತ್ತೋ ಥರ. "ತಡೀರಿ, 83 ಅಲ್ರಿ, 1856ನೇ ಇಸ್ವಿ ಜನವರಿ ಒಂದನೇ ತಾರೀಖು. 83ಕ್ಕ ಆರಿಸಿ ಬರೂದು ಚಾಲೂ ಆತು, ಅದರ ಮೊದಲ ಎಲ್ಲಾ ನೇಮಿಸಿದ ಮಂದಿ." 22 ಜನ ತಿರುಗಿ ನೋಡಿದ್ರು. ನನಗೆ ನಾಚಿಕೆ ಆಗಿ ನಾಕಾ ಕಡೆ ತಿರುಗಿ ನಿಂತೆ. ಆದ್ರೆ ಮಾವ ಹೇಳಿದ್ದೇ ಸರಿ. 1850ರ ಕಾಯ್ದೆ ಒಂದಿತ್ತು, ಊರವರು ಒಪ್ಪಿದ್ರೆ ಮುನ್ಸಿಪಾಲ್ಟಿ ಮಾಡ್ಕೋಬಹುದು ಅಂತ, ಅದರ ಕೆಳಗೆ ಹುಬ್ಬಳ್ಳಿಯದ್ದು 1855 ಆಗಸ್ಟ್ 15ಕ್ಕೆ ಆಯ್ತು, ನಾಲ್ಕೂವರೆ ತಿಂಗಳಿಗೆ ಧಾರವಾಡದ್ದು. ಆಗಸ್ಟ್ 15 ಅನ್ನೋ ತಾರೀಖಿಗೆ ಆಗ ಯಾವ ಅರ್ಥನೂ ಇರ್ಲಿಲ್ಲ ಅನ್ನೋದು ಬೇರೆ ಮಾತು. ಮೊದಮೊದಲು ಸರ್ಕಾರ ಆರಿಸಿದವರೇ ಮೆಂಬರುಗಳು, 1882ರಲ್ಲಿ ಲಾರ್ಡ್ ರಿಪನ್ ಸ್ಥಳೀಯ ಆಡಳಿತ ಸ್ಥಳೀಯರಿಗೇ ಕೊಡ್ಬೇಕು ಅಂತ ನಿರ್ಣಯ ಮಾಡಿದ ಮೇಲೆ ಇಲ್ಲೂ ಚುನಾವಣೆ ಬಂತು. 1907ರಲ್ಲಿ ರೊದ್ದ ಶ್ರೀನಿವಾಸರಾಯರು ಅಧ್ಯಕ್ಷರಾದ್ರು, ಜನ ಆರಿಸಿದ ಮೊದಲ ಅಧ್ಯಕ್ಷರು ಅಂತ ಬಂದಿದ್ದು 1920ರಲ್ಲಿ ಎಸ್.ಜಿ. ಕರಿಗುದರಿಯವರು. ಅಂದ್ರೆ ಮುನ್ಸಿಪಾಲ್ಟಿ ಹುಟ್ಟಿ 64 ವರ್ಷ ಆದ ಮೇಲೆ ಊರವರು ತಮ್ಮ ಅಧ್ಯಕ್ಷರನ್ನ ತಾವೇ ಆರಿಸಿದ್ರು. ಗೈಡ್ ಪಾಪ ಫೋನ್ ತೆಗೆದು ನೋಡಿ, ಹೌದ್ರಿ ಯಜಮಾನ್ರ ನೀವು ಹೇಳಿದ್ದು ಖರೇ ಅಂತ ಮೈಕಲ್ಲೇ ಒಪ್ಕೊಂಡ್ರು. ಆ ಗುಣಕ್ಕೆ ನಾನು ಅರ್ಧ ಸ್ಟಾರ್ ಜಾಸ್ತಿ ಕೊಡ್ತೀನಿ, ಎಷ್ಟು ಜನ ಗೈಡ್‌ಗಳು ಹಂಗೆ ಒಪ್ಕೋತಾರೆ ಹೇಳಿ.

ಟೋಲ್ ನಾಕಾದಿಂದ ಜುಬಿಲಿ ಸರ್ಕಲ್ಲಿಗೆ ಎಲ್ಲರನ್ನೂ ಚಿಗರಿ ಹತ್ತಿಸಿದ್ರು. ಬಸ್ಸಿನ ಬಗ್ಗೆ ಎರಡೇ ಮಾತು, 2020ರ ಫೆಬ್ರವರಿಯಲ್ಲಿ ಅಧಿಕೃತವಾಗಿ ಉದ್ಘಾಟನೆ ಆದದ್ದು, ರೋಡಿನ ಮಧ್ಯ ಸ್ಟಾಪು, ಬಲಗಡೆ ಬಾಗಿಲು, ಏಸಿ, ಬೆಂಗಳೂರಲ್ಲಿ ನಾವು ಇಂಥದ್ದಕ್ಕೆ ಇನ್ನೂ ಬಾಯಿ ಬಿಟ್ಕೊಂಡು ಕೂತಿದ್ದೀವಿ. ಹುಬ್ಬಳ್ಳಿ ಧಾರವಾಡ ಒಂದೇ ಊರು ಅಂತ ಕಾಗದದ ಮೇಲೆ, ಎರಡಕ್ಕೂ ಸೇರಿಸಿ ಒಂದೇ ಕಾರ್ಪೊರೇಶನ್ ಮಾಡಿದ 1962ರಿಂದ ಇತ್ತು, ನನ್ನಂಥ ಹೊರಗಿನವನಿಗೆ ಅದು ಒಂದೇ ಊರು ಅಂತ ಅನಿಸಿದ್ದು ಈ ಬಸ್ಸು ಬಂದ ಮೇಲೆ. ಇದನ್ನ ಮಾವನ ಹತ್ರ ಅಂದಾಗ ಮುಖ ಊದಿಸ್ಕೊಂಡ್ರು.

ಸುಭಾಸ್ ರೋಡ್ ಮೇಲೆ ನಡೀತಾ ನಡೀತಾ ನನಗೊಂದು ಮಜಾ ಸಿಕ್ತು. ಗೈಡ್ ಬಾಯಲ್ಲಿ ಬರ್ತಿದ್ದ ಮಾತುಗಳಲ್ಲಿ ಅರ್ಧ ನನಗೆ ಅರ್ಥ ಆಗ್ತಿರ್ಲಿಲ್ಲ, ಕನ್ನಡವೇ, ಆದ್ರೂ ಅರ್ಥ ಆಗ್ತಿರ್ಲಿಲ್ಲ. ನಾವು ನಲ್ಲಿ ಅನ್ನೋದಕ್ಕೆ ಇಲ್ಲಿ ನಳ. ಚರಂಡಿಗೆ ಗಟಾರ. ಮನೆ ಕಂದಾಯಕ್ಕೆ ಮನಿಪಟ್ಟಿ, ನೀರಿನ ಬಿಲ್ಲಿಗೆ ನೀರಪಟ್ಟಿ, ರಸೀದಿಗೆ ಪಾವತಿ, ಆಸ್ತಿ ಕಾಗದಕ್ಕೆ ಸಿಟಿ ಸರ್ವೇ ಉತಾರ. ಮದುವೆಯಾದ ಹೊಸದರಲ್ಲಿ ಮಾವ "ಪಟ್ಟಿ ತುಂಬಿ ಬರ್ತೀನಿ" ಅಂತ ಹೊರಟಾಗ ಯಾವುದೋ ಚಂದಾ ಲಿಸ್ಟು ಬರೀತಾರೆ ಅಂದ್ಕೊಂಡಿದ್ದೆ, ಮನೆ ತೆರಿಗೆ ಕಟ್ಟೋದು ಅಂತ ಎರಡು ವರ್ಷ ಆದ ಮೇಲೆ ಗೊತ್ತಾಯ್ತು. ಯೋಚನೆ ಮಾಡಿದ್ರೆ ಇವೆಲ್ಲ ಸರ್ಕಾರದ ಮಾತುಗಳು, ಅಡುಗೆಮನೆ ಮಾತುಗಳಲ್ಲ. ಮೈಸೂರು ಸಂಸ್ಥಾನದ ಕಚೇರಿ ಒಂದು ಕನ್ನಡ ಕಲಿಸ್ತು, ಮುಂಬೈ ಪ್ರಾಂತ್ಯದ ಕಚೇರಿ ಇನ್ನೊಂದು ಕಲಿಸ್ತು, ಅದೂ ಮರಾಠಿ ಮೂಲಕ. 1956ರ ನವೆಂಬರ್ 1ಕ್ಕೆ ಎರಡೂ ಒಂದೇ ರಾಜ್ಯ ಆದ್ವು, ಮಾತು ಮಾತ್ರ ಇವತ್ತಿಗೂ ಬೇರೆ ಬೇರೆ ಕೌಂಟರಲ್ಲೇ ನಿಂತಿದೆ. ಇದನ್ನ ಗೈಡ್ ಹೇಳ್ಲಿಲ್ಲ, ಅವರಿಗೆ ಅದು ವಿಶೇಷ ಅನಿಸೋಕೂ ಸಾಧ್ಯ ಇಲ್ಲ, ನಳ ಅಂದ್ರೆ ನಳ. ತುಮಕೂರಿಂದ ಬಂದೋನಿಗೆ ಕಾಣೋ ಇತಿಹಾಸ ಇದು.

ಸೂಪರ್ ಮಾರ್ಕೆಟ್ ಅಂತ ಒಂದು ಕಡೆ ನಿಲ್ಲಿಸಿದ್ರು. ಧಾರವಾಡಕ್ಕೆ ಹೊಸಬರು ಇದ್ರೆ ಕೇಳ್ಕೊಳ್ಳಿ, ಟ್ರಾಲಿ ತಳ್ಳೋ ಸೂಪರ್ ಮಾರ್ಕೆಟ್ ಅಲ್ಲ ಇದು, ಕಾಯಿಪಲ್ಲೆ ಮಾರ್ಕೆಟ್ಟು. ಕೆಸರಲ್ಲಿ ಗೋಣಿಚೀಲ ಹಾಸಿ ಮೆಂತ್ಯ, ಹಕ್ಕರಕಿ, ಪುಂಡಿಪಲ್ಲೆ ಗುಡ್ಡೆ ಹಾಕ್ಕೊಂಡು ಕೂತಿರ್ತಾರೆ. ಮುನ್ಸಿಪಾಲ್ಟಿ ಅಂದ್ರೆ ಮಾರ್ಕೆಟ್ಟು ಕಟ್ಟೋದು, ಕೂರೋ ಜಾಗಕ್ಕೆ ದಿನದ ಸುಂಕ ತಗೋಳ್ಳೋದು, ಮುಗಿದ ಮೇಲೆ ಗುಡಿಸೋದು, ಇಷ್ಟೇ ಕೆಲಸ ನೂರಾರು ವರ್ಷದಿಂದ ಅಂತ ಗೈಡ್ ಅಂದ್ರು, ಅದೊಂದು ಒಳ್ಳೆ ಮಾತು. ಆ ಮಾತು ಮುಗಿಯೋ ಮೊದಲೇ ಗುಂಪಲ್ಲಿದ್ದ ನಾಲ್ಕು ಜನ ಹೆಂಗಸರು ಪುಂಡಿಪಲ್ಲೆ ರೇಟು ಕೇಳ್ತಾ ಚೆದುರಿ ಹೋದ್ರು, ಅವರನ್ನ ವಾಪಸ್ ಸೇರಿಸೋಕೆ ಕಾಲು ಗಂಟೆ. ನಾನೂ ಒಂದು ಕಟ್ಟು ತಗೊಂಡೆ, ಮುಂದೆ ಎರಡು ಗಂಟೆ ಪುಂಡಿಪಲ್ಲೆ ಕಟ್ಟು ಹಿಡ್ಕೊಂಡೇ ಇತಿಹಾಸ ಕೇಳಿದ್ದು.

ಆಮೇಲೆ ನಡಿಗೆ ಸ್ವಲ್ಪ ಹಳಿ ತಪ್ತು. ಧಾರವಾಡದಲ್ಲಿ ಯಾರನ್ನ ಗೈಡ್ ಮಾಡಿದ್ರೂ ಇದು ತಪ್ಪಲ್ಲ ಅನ್ಸುತ್ತೆ, ಸಾಹಿತಿಗಳ ಹೆಸರು ಬಂದ್ರೆ ಸಾಕು ಬ್ರೇಕ್ ಫೇಲ್. ಸರಿಯಾಗಿ 40 ನಿಮಿಷ ಒಂದೇ ಕಡೆ ನಿಲ್ಲಿಸಿ, 1890ರಲ್ಲಿ ಶುರುವಾದ ಕರ್ನಾಟಕ ವಿದ್ಯಾವರ್ಧಕ ಸಂಘ, ಅದನ್ನ ಕಟ್ಟಿದ ರಾ.ಹ. ದೇಶಪಾಂಡೆಯವರು, ಮರಾಠಿ ಮೆರೀತಿದ್ದ ಕಾಲದಲ್ಲಿ ಕನ್ನಡ ಶಾಲೆ ತೆಗೆಸಿದ ಡೆಪ್ಯೂಟಿ ಚನ್ನಬಸಪ್ಪನವರು, ಸಾಧನಕೇರಿ, ಬೇಂದ್ರೆ, ಒಂದಾದ ಮೇಲೊಂದು. ಎಲ್ಲಾ ದೊಡ್ಡವರೇ, ಯಾರು ಇಲ್ಲ ಅಂದ್ರು. ಆದ್ರೆ ನಾನು ದುಡ್ಡು ಕೊಟ್ಟಿದ್ದು ಮುನ್ಸಿಪಾಲ್ಟಿ ನೋಡೋಕೆ. ಕವಿಗಳ ವಿಷಯ ಬೇರೆ ಹತ್ತು ಕಡೆ ಸಿಗುತ್ತೆ, ಗಟಾರದ ವಿಷಯ ಎಲ್ಲಿ ಸಿಗುತ್ತೆ? ಇದರ ಮಧ್ಯೆ ಒಂದೇ ಒಂದು ಹೊಸ ವಿಷಯ ಸಿಕ್ಕಿದ್ದು, 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜಿನ ಆ ಕಲ್ಲಿನ ಕಟ್ಟಡ ಕಾಲೇಜಿಗೆ ಅಂತ ಕಟ್ಟಿದ್ದಲ್ಲ, ಸದರ್ನ್ ಮರಾಠಾ ರೈಲ್ವೆ ಹೆಡ್ ಆಫೀಸಾಗಿತ್ತು ಅನ್ನೋದು. ವರ್ಕ್‌ಶಾಪು ಹುಬ್ಬಳ್ಳೀಲಿ, ಆಫೀಸು ಧಾರವಾಡದಲ್ಲಿ. ಎರಡೂ ಊರಿನ ಜಾತಕ ಆ ಒಂದು ಸಾಲಲ್ಲೇ ಇದೆ ನೋಡಿ, ಅಲ್ಲಿ ಕೈ ಕಪ್ಪು, ಇಲ್ಲಿ ಬೆರಳಿಗೆ ಶಾಯಿ. ಆ ಕಾಲೇಜು ತರೋಕೆ ಓಡಾಡಿದವರಲ್ಲೂ ಅದೇ ರೊದ್ದ ಶ್ರೀನಿವಾಸರಾಯರು, 1907ರ ಮುನ್ಸಿಪಾಲ್ಟಿ ಅಧ್ಯಕ್ಷರು. ಈ ಕೊಂಡಿ ಗೈಡ್ ಹೇಳಿದ್ರೆ 40 ನಿಮಿಷ ಕ್ಷಮಿಸ್ತಿದ್ದೆ, ಹೇಳಿದ್ದು ಮಾವ, ಚಹಾ ಕುಡೀತಾ.

ಕಿಲ್ಲಾ ಅಂತ ಕರೆಯೋ ಕೋಟೆ ಬಾಗಿಲು ಬೇಗ ಮುಗಿಸಿದ್ರು, 1791ರಲ್ಲಿ ಟಿಪ್ಪು ಕಡೆಯವರು ತಿಂಗಳುಗಟ್ಟಲೆ ಮುತ್ತಿಗೆ ತಡ್ಕೊಂಡು ಕೊನೆಗೆ ಮರಾಠರಿಗೂ ಇಂಗ್ಲಿಷರಿಗೂ ಬಿಟ್ಟುಕೊಟ್ಟಿದ್ದು, ಫೋಟೋ ತೆಕ್ಕೊಂಡ್ವಿ, ಆಯ್ತು.

ಈಗ ಹೇಳೋದು ನಡಿಗೇಲಿ ಇರ್ಲಿಲ್ಲ, ಇರಬೇಕಾಗಿತ್ತು. ಹಳೇ ಓಣಿ ಒಂದರಲ್ಲಿ ಹೋಗ್ತಿದ್ದಾಗ ಎರಡು ಸಾಲು ಮನೆಗಳ ಹಿಂದೆ ಒಂದು ಸಂದಿ ಕಾಣಿಸ್ತು, ಒಬ್ಬ ಮನುಷ್ಯ ಅಡ್ಡಡ್ಡ ನಡೆದ್ರೆ ಹೋಗಬಹುದು ಅಷ್ಟೇ, ಎರಡೂ ಕಡೆ ಹಿತ್ತಲ ಗೋಡೆ, ಗೋಡೆ ಬುಡದಲ್ಲಿ ಮೊಣಕಾಲೆತ್ತರಕ್ಕೆ ಚೌಕಾಕಾರದ ಕಂಡಿಗಳು, ಇಟ್ಟಿಗೆ ಹಾಕಿ ಮುಚ್ಚಿದಾವೆ, ಆದ್ರೂ ಗುರುತು ಕಾಣುತ್ತೆ, ಮುಚ್ಚಿದ ಸಿಮೆಂಟಿನ ಬಣ್ಣ ಬೇರೆ. ಒಬ್ಬ ಕಾಲೇಜು ಹುಡುಗಿ ಅದೇನು ಅಂತ ಕೇಳಿದ್ಲು. ಗೈಡ್, ಅದು ಏನಿಲ್ಲ, ನೀರು ಹೋಗ್ಲಿಕ್ಕೆ ಅಂತ ಮುಂದೆ ಹೋದ್ರು. ಮಾವ ಸುಮ್ಮನಿದ್ರು, ಅವರು ಸುಮ್ಮನಿರೋದು ಅಪರೂಪ. ಸ್ವಲ್ಪ ದೂರ ಹೋದ ಮೇಲೆ ಆ ಹುಡುಗಿ ಹತ್ರ ಹೋಗಿ ಅವರೇ ಹೇಳಿದ್ರು, "ತಂಗಿ, ಅದು ನೀರಿಂದಲ್ಲವಾ. ಸಂಡಾಸದ ಬುಟ್ಟಿ ಹಿಂದಿಂದ ತಗೀತಿದ್ರು. ನಸುಕಿನ್ಯಾಗ ಬರ್ತಿದ್ರು, ನಾವು ಏಳೂ ಮೊದಲ ಹೋಗಿಬಿಡ್ತಿದ್ರು. ನಮ್ಮ ಮನಿ ಹಿಂದ ಬರ್ತಿದ್ದ ಆಕಿ ಹೆಸರು ಏನು ಅಂತ ನನಗ ಇವತ್ತಿಗೂ ಗೊತ್ತಿಲ್ಲ." ಆ ಹುಡುಗಿ ಏನೂ ಅನ್ನಲಿಲ್ಲ, ತಿರುಗಿ ಆ ಸಂದಿ ಒಂದು ಸಲ ನೋಡಿದ್ಲು. ಮಲ ಹೊರೋ ಪದ್ಧತಿ ನಿಲ್ಲಿಸಬೇಕು ಅಂತ ಕರ್ನಾಟಕ ಸರ್ಕಾರ ಆದೇಶ ಮಾಡಿದ್ದು 1970ರ ದಶಕದಲ್ಲಿ, ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ. ಅಂದ್ರೆ 1856ರಿಂದ 1962ರ ತನಕ ಧಾರವಾಡ ಮುನ್ಸಿಪಾಲ್ಟಿ ಬದುಕಿದ್ದ 106 ವರ್ಷ ಪೂರ್ತಿ, ಅದರ ಅತಿ ದೊಡ್ಡ ಕೆಲಸ ಆ ಸಂದಿಗಳಲ್ಲಿ ನಡೀತಿತ್ತು, ಅಧ್ಯಕ್ಷರ ಕುರ್ಚಿಯಲ್ಲಲ್ಲ. ನಡಿಗೆ ಮಾಡೋರಿಗೆ ನನ್ನ ಒಂದೇ ಒಂದು ಗಂಭೀರ ಸಲಹೆ, ದಯವಿಟ್ಟು ಅಲ್ಲಿ ನಿಲ್ಲಿಸಿ. ಮೈಕ್ ಆಫ್ ಮಾಡಿ ನಿಲ್ಲಿಸಿ.

ಚಹಾಕ್ಕೆ ಕೂರಿಸಿದ್ದು ಒಂದು ಸಣ್ಣ ಖಾನಾವಳಿಯಲ್ಲಿ. ಚಹಾ ಅವರ ಲೆಕ್ಕ, ಮಿರ್ಚಿ ಗಿರ್ಮಿಟ್ ನಮ್ಮ ಲೆಕ್ಕ, ನ್ಯಾಯವಾಗೇ ಇತ್ತು. ಮಿರ್ಚಿ ಬಿಸಿ ಬಿಸಿ, ಗಿರ್ಮಿಟ್‌ಗೆ ಹುಣಸೆ ಸ್ವಲ್ಪ ಜಾಸ್ತಿ, ಆ ಮಳೇಲಿ ಯಾರು ಲೆಕ್ಕ ಇಡ್ತಾರೆ. ಅಲ್ಲಿ ಮಾವ ಆ ಪ್ಲಾಸ್ಟಿಕ್ ಕವರ್ ಬಿಚ್ಚಿದ್ರು. ಅವರಪ್ಪನ ಕಾಲದ ಮನಿಪಟ್ಟಿ ಪಾವತಿಗಳು, ದಾರ ಪೋಣಿಸಿ ಕಟ್ಟಿಟ್ಟಿದ್ದು, ದಾರ ಹಾಕಿದ ತೂತಿನ ಸುತ್ತ ತುಕ್ಕಿನ ಬಣ್ಣ. 1958ರದ್ದು ಒಂದು ತೆಗೆದು ಟೇಬಲ್ ಮೇಲೆ ಇಟ್ರು, ಗಿರ್ಮಿಟ್ ಪ್ಲೇಟು ದೂರ ತಳ್ಳಿ. ಮೇಲೆ ಧಾರವಾಡ ಬರೋ ಮುನಿಸಿಪಾಲಿಟಿ ಅಂತ ಅಚ್ಚು. ಬರೋ ಅಂದ್ರೆ 1925ರ ಮುಂಬೈ ಕಾಯ್ದೆ ಪ್ರಕಾರ ದೊಡ್ಡ ಊರಿನ ಮುನ್ಸಿಪಾಲ್ಟಿಗೆ ಕೊಟ್ಟ ದರ್ಜೆ, ಸ್ವಲ್ಪ ಜಾಸ್ತಿ ಅಧಿಕಾರ. ರೂಪಾಯಿ, ಆಣೆ, ಪೈ ಅಂತ ಮೂರು ಕಾಲಮ್ಮು ಅಚ್ಚು ಹಾಕಿದೆ, ಆದ್ರೆ ಹಿಂದಿನ ವರ್ಷ ತಾನೇ ನಯೆ ಪೈಸೆ ಬಂದಿತ್ತಲ್ಲ, ಗುಮಾಸ್ತ ಆಣೆ ಕಾಲಮ್ಮಿನ ಮೇಲೆ ನೀಲಿ ಶಾಯಿಯಲ್ಲಿ ಗೀಟು ಎಳೆದು ಪಕ್ಕದಲ್ಲಿ ನ.ಪೈ. ಅಂತ ಕೈಯಲ್ಲಿ ಬರೆದಿದ್ದಾನೆ. ರಾಜ್ಯ ಬದಲಾಗಿದೆ, ದುಡ್ಡು ಬದಲಾಗಿದೆ, ಪಾವತಿ ಪುಸ್ತಕ ಮಾತ್ರ ಹಳೇದು ಖರ್ಚಾಗೋ ತನಕ ನಡೆಸಿದ್ದಾರೆ. 1963ರದ್ದು ಇನ್ನೂ ಮಜಾ, ಅದೇ ಹಳೇ ಫಾರ್ಮು, ಬರೋ ಮುನಿಸಿಪಾಲಿಟಿ ಅನ್ನೋದರ ಮೇಲೆ ಹುಬ್ಬಳ್ಳಿ-ಧಾರವಾಡ ಕಾರ್ಪೊರೇಶನ್ ಅಂತ ಒಂದು ರಬ್ಬರ್ ಸ್ಟಾಂಪು, ಸ್ವಲ್ಪ ಓರೆ. ಒಂದು ಊರಿನ ಸ್ವಂತ ಆಡಳಿತ ಹೋಗಿದ್ದಕ್ಕೆ ನಾನು ನೋಡಿದ ಸಾಕ್ಷಿ ಅಂದ್ರೆ ಅದೊಂದೇ, ಓರೆಯಾದ ನೇರಳೆ ಸ್ಟಾಂಪು. 22 ಜನನೂ ಬಗ್ಗಿ ನೋಡಿದ್ರು, ಗೈಡ್ ಮೈಕ್ ಬಿಚ್ಚಿಟ್ಟು ಫೋಟೋ ತೆಕ್ಕೊಂಡ್ರು. ಇಡೀ ನಡಿಗೇಲಿ ಅತ್ಯಂತ ಒಳ್ಳೆ ಹತ್ತು ನಿಮಿಷ ಇದು, ಇದಕ್ಕೆ ನಡಿಗೆಯವರು ಒಂದು ಪೈಸೆನೂ ಖರ್ಚು ಮಾಡಿಲ್ಲ.

1962ರ ಬಗ್ಗೆ ಅಲ್ಲಿ ದೊಡ್ಡ ಚರ್ಚೆನೇ ಆಯ್ತು. 20 ಕಿಲೋಮೀಟರ್ ದೂರದ ಎರಡು ಊರು ಸೇರಿಸಿ ಒಂದು ಕಾರ್ಪೊರೇಶನ್ ಮಾಡಿದ್ದು, ನಡುವೆ ಉಣಕಲ್, ಅಮರಗೋಳ, ರಾಯಾಪುರ, ಸತ್ತೂರ, ಪೇರಲಹಣ್ಣಿಗೆ ಹೆಸರಾದ ನವಲೂರ, ಎಲ್ಲಾ ಹೊಲ ಊರು. ತಮಾಷೆ ಅಂದ್ರೆ ಮೈಸೂರು ರಾಜ್ಯದೊಳಗೆ ಇದ್ದು ಆರು ವರ್ಷ ಆಗಿತ್ತು, ಆದ್ರೂ ಕಾರ್ಪೊರೇಶನ್ ಮಾಡಿದ್ದು 1949ರ ಮುಂಬೈ ಕಾಯ್ದೆಯಲ್ಲೇ, ಕರ್ನಾಟಕದ್ದೇ ಆದ ಒಂದು ಕಾಯ್ದೆ ಬಂದಿದ್ದು 1976ರಲ್ಲಿ. ಹುಬ್ಬಳ್ಳಿ ವ್ಯಾಪಾರದ ಊರು, ಧಾರವಾಡ ಕಲೆಕ್ಟರ್ ಕಚೇರಿ, ಯೂನಿವರ್ಸಿಟಿ ಊರು, ಸೇರಿಸಿದ್ರೆ ರಾಜ್ಯದಲ್ಲಿ ಒಂದು ದೊಡ್ಡ ನಗರ, ಅನುದಾನಕ್ಕೂ ತೂಕ, ವಾದ ಮಾಡೋರ ಲೆಕ್ಕ ಇದು. ಮಾವನ ಲೆಕ್ಕ ಬೇರೆ. "ಆಗ ನನಗ 16 ವರ್ಷ. ನಮ್ಮಪ್ಪ ಏನಂದ್ರು ಗೊತ್ತದ ಏನ್ರಿ, ಇನ್ನ ನಮ್ಮ ಓಣಿ ನಳಾ ಕೆಟ್ರ ಹುಬ್ಬಳ್ಳಿಗೆ ಹೋಗಿ ಹೇಳಬೇಕು ಅಂದ್ರು. ಇಲ್ಲೆ ಒಂದು ಆಫೀಸ ಇಟ್ಟಾರ, ಇಲ್ಲಂತಲ್ಲ, ಆದ್ರ ದೊಡ್ಡ ಸಾಹೇಬ್ರ ಸಹಿ ಅಂದಕೂಡ್ಲೆ ಹುಬ್ಬಳ್ಳಿ." ಗುಂಪಲ್ಲಿದ್ದ ಹುಬ್ಬಳ್ಳಿಯವರೊಬ್ರು ನಗ್ತಾ, ಹುಬ್ಬಳ್ಳಿಯವ್ರಿಗೂ ಆ ಸಹಿ ಲಗೂನ ಸಿಗಂಗಿಲ್ರಿ ಯಜಮಾನ್ರ ಅಂದಿದ್ದು ಕೇಳಿ ಖಾನಾವಳಿ ಪೂರ್ತಿ ನಕ್ತು.

2021ರ ಚುನಾವಣೇಲಿ ಪಾಲಿಕೆಗೆ 82 ವಾರ್ಡು, ಅದರಲ್ಲಿ ಧಾರವಾಡಕ್ಕೆ ಅಂತ ಬರೋದು 26. 82ರಲ್ಲಿ 26 ಅಂದ್ರೆ ಸಭೇಲಿ ಕೈ ಎತ್ತೋ ಲೆಕ್ಕ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಪ್ರತ್ಯೇಕ ಪಾಲಿಕೆ ಬೇಕು ಅಂತ ಧಾರವಾಡದವರು ವರ್ಷಗಟ್ಟಲೆ ಕೂಗಿ ಕೂಗಿ, ಕೊನೆಗೆ 2025ರ ಜನವರಿಯಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಡ್ತು, ಈ 26 ವಾರ್ಡು ಬೇರೆ ಮಾಡಿ ಧಾರವಾಡ ಮಹಾನಗರ ಪಾಲಿಕೆ ಅಂತ. ನನ್ನ ಅಭಿಪ್ರಾಯ ಕೇಳಿದ್ರೆ, ಯಾರೂ ಕೇಳ್ಲಿಲ್ಲ, ಆದ್ರೂ, ಬೇರೆ ಆಗೋದು ಸರಿ, ಆದ್ರೆ ಅದನ್ನ ಊರಿನ ಗೌರವ ಅಂತಲೋ ಸಾಂಸ್ಕೃತಿಕ ರಾಜಧಾನಿ ಅಂತಲೋ ಮಾತಾಡೋರು ನಳದ ಮಾತನ್ನ ಮರೀತಾರೆ. 1856ರಲ್ಲೂ ಕೆಲಸ ನೀರು, ಗಟಾರ, ದೀಪ, ಮಾರ್ಕೆಟ್ಟು, ಈಗಲೂ ಅಷ್ಟೇ. ಜಕಾತಿ ಹೋಗಿ ದಶಕಗಳಾಯ್ತು, ಹಳೇ ಮುನ್ಸಿಪಾಲ್ಟಿಗೆ ತನ್ನ ನಾಕಾದಿಂದ ಬರ್ತಿದ್ದ ಥರ ಕೈಕಾಸು ಹೊಸ ಪಾಲಿಕೆಗೆ ಎಲ್ಲಿಂದ ಬರುತ್ತೆ ಅಂತ ಅಲ್ಲಿ ಕೂತ 22 ಜನರಲ್ಲಿ ಒಬ್ರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ ಬಿಡಿ, ಅಳಿಯ ಬೇರೆ, ಮಿರ್ಚಿ ಬೇರೆ ಬಾಯಲ್ಲಿ.

ನೀರಿನ ವಿಷಯ ಅಂದಾಗ ನೆನಪಾಯ್ತು, ಈ ನಡಿಗೇಲಿ ಕೆಲಗೇರಿ ಕೆರೆ ಇಲ್ಲ. ದೂರ ಆಗುತ್ತೆ ಅಂದ್ರು. ಆದ್ರೆ ಒಂದು ಕಾಲಕ್ಕೆ ಊರಿಗೆ ಕುಡಿಯೋ ನೀರು ಕೊಟ್ಟ ಕೆರೆ ಬಿಟ್ಟು ಮುನ್ಸಿಪಾಲ್ಟಿ ತೋರಿಸೋದು ಅಂದ್ರೆ ಒಗ್ಗರಣೆ ಇಲ್ಲದ ಸಾರು. ಆಮೇಲೆ ನೀರಸಾಗರ ಜಲಾಶಯದ ನೀರು ಬಂತು, ಅದಾದ ಮೇಲೆ ಸವದತ್ತಿ ಕಡೆಯಿಂದ ಮಲಪ್ರಭಾ ನೀರು ಬಂತು, ದಿನದ 24 ಗಂಟೆ ನೀರು ಅಂತ ಈ ಅವಳಿನಗರದ ಕೆಲವು ವಾರ್ಡಲ್ಲಿ 2008ರ ಹೊತ್ತಿಗೆ ಪ್ರಯೋಗನೂ ಮಾಡಿದ್ರು, ಅದನ್ನ ನೋಡೋಕೆ ಬೇರೆ ಬೇರೆ ಊರಿನ ಎಂಜಿನಿಯರುಗಳು ಬರ್ತಿದ್ರು. ಚಿಗರಿಗೆ ಹತ್ತಿಸಿದ ಥರ ಒಂದು ಟೆಂಪೋ ಮಾಡಿ ಕೆಲಗೇರಿಗೆ ಕರ್ಕೊಂಡು ಹೋದ್ರೆ ನಾನು 450 ಕೊಡೋಕೂ ರೆಡಿ. ಸಾಹಿತಿಗಳ 40 ನಿಮಿಷ ತೆಗೆದ್ರೆ ಟೈಮೂ ಸಿಗುತ್ತೆ.

ಹೋಗೋರಿಗೆ ಕೆಲಸಕ್ಕೆ ಬರೋ ಮಾತು. ಮಳೆಗಾಲದಲ್ಲಿ ಬಿಳಿ ಶೂ ಹಾಕ್ಕೋಬೇಡಿ, ಧಾರವಾಡದ ಕೆಂಪು ಮಣ್ಣು ತೊಳೆದ್ರೆ ಹೋಗಲ್ಲ, ನನ್ನದು ಹೋಗಿಲ್ಲ. ಹಿರಿಯರನ್ನ ಕರ್ಕೊಂಡು ಹೋಗಬಹುದು, ಏರು ಇಳಿಜಾರು ಇದೆ ಆದ್ರೆ ನಿಂತು ನಿಂತು ಹೋಗೋದರಿಂದ ಸುಸ್ತಾಗಲ್ಲ, ಬಾತ್‌ರೂಮಿಗೆ ಮಾತ್ರ ಮನೇಲೇ ಮುಗಿಸ್ಕೊಂಡು ಬನ್ನಿ. ಚಿಕ್ಕ ಮಕ್ಕಳಿಗೆ ಬೋರ್ ಆಗುತ್ತೆ. ದುಡ್ಡು ಮೊದಲೇ ಯುಪಿಐ ಮಾಡಬೇಕು, ಮಳೆ ಜೋರಾಗಿ ಬಂದು ಕ್ಯಾನ್ಸಲ್ ಆದ್ರೆ ವಾಪಸ್ ಕೊಡ್ತಾರಂತೆ. ಗೈಡ್ ಹತ್ರ ಮೊದಲೇ ಹೇಳಿ, ನಮಗೆ ನಾಕಾ, ಮಾರ್ಕೆಟ್ಟು, ಓಣಿ ಜಾಸ್ತಿ ತೋರಿಸಿ ಅಂತ, ಅವರಿಗೆ ಗೊತ್ತಿದೆ, ಕೇಳಿದ್ರೆ ಹೇಳ್ತಾರೆ. ಐದಕ್ಕೆ ಮೂರೂವರೆ, ತಪ್ಪು ಒಪ್ಕೊಂಡಿದ್ದಕ್ಕೆ ಅರ್ಧ, ಒಟ್ಟು ನಾಲ್ಕು.

ನಡಿಗೆ ಮುಗಿದಿದ್ದು ಲೈನ್ ಬಜಾರಲ್ಲಿ, ಇದು ಪ್ಲಾನ್ ಮಾಡಿ ಮಾಡಿದ್ದು ಅಂತ ನನ್ನ ಅನುಮಾನ, ಯಾಕಂದ್ರೆ ಠಾಕೂರ್ ಪೇಡಾ ಅಂಗಡಿ ಮುಂದೆ ಆಗಲೇ ಸಾಲು ನಿಂತಿತ್ತು. ಉತ್ತರಪ್ರದೇಶದ ಉನ್ನಾವ್ ಕಡೆಯಿಂದ ಪ್ಲೇಗಿಗೆ ಹೆದರಿ ಬಂದ ಮನೆತನ ಇಲ್ಲಿ ಹಾಲು ಕಾಯಿಸಿ ಕಾಯಿಸಿ ಮಾಡಿದ್ದು, ಇದು ಈ ಊರಿನದ್ದೇ ಅಂತ ಗುರುತಿಸೋ ಜಿಐ ಟ್ಯಾಗೂ ಬಂತು, ಎಲ್ಲರಿಗೂ ಗೊತ್ತಿರೋದೇ. ಸಾಲಲ್ಲಿ ನಿಂತು ಅರ್ಧ ಕಿಲೋ ತಗೊಂಡ್ವಿ, ಇನ್ನೂ ಬೆಚ್ಚಗಿತ್ತು, ಮೇಲಿನ ಸಕ್ಕರೆ ಬೆರಳಿಗೆ ಅಂಟ್ತಿತ್ತು. ಮಾವ ಒಂದು ಬಾಯಿಗೆ ಹಾಕ್ಕೊಂಡು, ಪಾವತಿ ಕವರಿಗೆ ಮಾತ್ರ ಆ ಕೈ ತಾಗದ ಹಾಗೆ ಇನ್ನೊಂದು ಬಗಲಿಗೆ ಬದಲಾಯಿಸ್ಕೊಂಡ್ರು.

ನಾವು ಬೆಂಗಳೂರಿಗೆ ವಾಪಸ್ ಬಂದು ಮೂರು ದಿನಕ್ಕೆ ಮಾವನ ಫೋನ್. ಆ ಗೈಡೇ ಇವರ ನಂಬರ್ ಹುಡುಕಿ ಫೋನ್ ಮಾಡಿದ್ರಂತೆ, ಮುಂದಿನ ಭಾನುವಾರ ಬರ್ತೀರೇನ್ರಿ ಯಜಮಾನ್ರ, ಆ ಪಾವತಿ ತಗೊಂಡು ಬಂದು ಹತ್ತು ನಿಮಿಷ ಮಾತಾಡಿ ಅಂತ. ನೀವೇನಂದ್ರಿ ಮಾವ ಅಂತ ಕೇಳಿದೆ. "ಬರ್ತೀನಿ ಅಂದೆ. ಆದ್ರ 300 ರೂಪಾಯಿ ಕೊಡಂಗಿಲ್ಲ, ಆ ಕೀಂ ಅನ್ನೂದನ್ನ ಮನ್ಯಾಗ ಬಿಟ್ಟು ಬರ್ರಿ ಅಂದೀನಿ."